ಕೃಷಿ ಸಹಾಯಧನ ಮತ್ತು ಪಾರದರ್ಶಕತೆ: ಗ್ರಾಮದ ಫಲಾನುಭವಿಗಳ ಪಟ್ಟಿಯನ್ನು ಏಕೆ, ಯಾವಾಗ, ಹೇಗೆ ಓದಬೇಕು?

2023ರ ಮುಂಗಾರು ಹಂಗಾಮಿನಲ್ಲಿ ಮಳೆಯ ತೀವ್ರ ಕೊರತೆಯಿಂದಾಗಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಸುಮಾರು 48 ಲಕ್ಷ ಹೆಕ್ಟೇರ್ ಪ್ರದೇಶದ ಬೆಳೆ ಹಾನಿಗೊಳಗಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಮೊದಲ ಕಂತಾಗಿ ಪ್ರತಿ ರೈತರಿಗೆ ಗರಿಷ್ಠ ರೂ. 2,000 ಪಾವತಿಸಿತು. ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರದಿಂದ ಸುಮಾರು ರೂ. 3,450 ಕೋಟಿ ಬಿಡುಗಡೆಯಾದ ನಂತರ ಉಳಿದ ಪರಿಹಾರವು ರೈತರ ಖಾತೆಗಳಿಗೆ ಜಮೆಯಾಯಿತು.

ಆ ದಿನಗಳಲ್ಲಿ ಕ್ಷೇತ್ರ ಭೇಟಿಗೆ ಹೋದ ಕಡೆಗಳಲ್ಲೆಲ್ಲ ಬಿತ್ತನೆ, ಗೊಬ್ಬರ, ರೋಗಗಳ ವಿಷಯಕ್ಕಿಂತ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಒಂದೇ: "ಪಕ್ಕದ ಹೊಲದವರಿಗೆ ದುಡ್ಡು ಬಂದಿದೆ, ನನಗೆ ಯಾಕೆ ಬಂದಿಲ್ಲ?" ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ತಮ್ಮ ಪಹಣಿಯನ್ನು ಕೈಗಿತ್ತು, "ಸ್ವಾಮಿ, ನಾನು ಬಿತ್ತಿದ್ದು ರಾಗಿ. ಕಂಪ್ಯೂಟರಿನಲ್ಲಿ ಬೆಳೆದಿರುವುದು ಬೀಳು" ಎಂದರು. ಪರಿಶೀಲಿಸಿದಾಗ ಅವರ ಮಾತು ಅಕ್ಷರಶಃ ನಿಜವಾಗಿತ್ತು. ಬೆಳೆ ಸಮೀಕ್ಷೆಯಲ್ಲಿ ಅವರ ಎರಡು ಎಕರೆ ರಾಗಿ ಹೊಲವು ಬೀಳು ಭೂಮಿ ಎಂದು ದಾಖಲಾಗಿತ್ತು. ಆ ತಪ್ಪು ಸೆಪ್ಟೆಂಬರಿನಲ್ಲಿ ನಡೆದಿತ್ತು. ಅವರಿಗೆ ತಿಳಿದದ್ದು ಮುಂದಿನ ಮೇ ತಿಂಗಳಿನಲ್ಲಿ. ನಡುವಿನ ಎಂಟು ತಿಂಗಳುಗಳಲ್ಲಿ ಆ ದಾಖಲೆಯು ಯಾರು ಬೇಕಾದರೂ ನೋಡಬಹುದಾದ ಸ್ಥಿತಿಯಲ್ಲಿಯೇ ಇತ್ತು, ಆದರೆ ಯಾರೂ ನೋಡಿರಲಿಲ್ಲ.

ಸಹಾಯಧನದ ಪಾರದರ್ಶಕತೆ ಎಂದರೆ ಹಣ ಪಾವತಿಯಾದ ಮೇಲೆ ಪಟ್ಟಿಯನ್ನು ಪ್ರಕಟಿಸುವುದಷ್ಟೇ ಅಲ್ಲ. ಯಾವ ದಾಖಲೆಗಳ ಆಧಾರದ ಮೇಲೆ ಹಣ ಲೆಕ್ಕವಾಗುತ್ತದೆಯೋ ಆ ದಾಖಲೆಗಳನ್ನು ತಿದ್ದುಪಡಿಗೆ ಅವಕಾಶವಿರುವಾಗಲೇ ಓದುವುದು ಅದರ ಮುಖ್ಯ ಭಾಗ. ಈ ಕೆಲಸವನ್ನು ಹಂಗಾಮಿನ ಇತರ ಬೇಸಾಯ ಕ್ರಮಗಳಂತೆಯೇ ಸಕಾಲದಲ್ಲಿ ಹೇಗೆ ಕೈಗೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಹಾಯಧನದ ಮೂರು ಬಗೆಗಳು

ರೈತರಿಗೆ ತಲುಪುವ ಸರ್ಕಾರಿ ನೆರವನ್ನು ಸ್ಥೂಲವಾಗಿ ಮೂರು ಬಗೆಗಳಾಗಿ ವಿಂಗಡಿಸಬಹುದು.

1. ನೇರ ಆದಾಯ ಬೆಂಬಲ: ಪಿಎಂ-ಕಿಸಾನ್ ಯೋಜನೆಯು ಇದಕ್ಕೆ ಉದಾಹರಣೆ. 2019ರ ಫೆಬ್ರವರಿ 24ರಂದು ಚಾಲನೆಗೊಂಡ ಈ ಯೋಜನೆಯಡಿ ಅರ್ಹ ಭೂಹಿಡುವಳಿದಾರ ಕುಟುಂಬಕ್ಕೆ ವರ್ಷಕ್ಕೆ ರೂ. 6,000ವನ್ನು ನಾಲ್ಕು ತಿಂಗಳಿಗೊಮ್ಮೆ ರೂ. 2,000ದಂತೆ ಮೂರು ಕಂತುಗಳಲ್ಲಿ ನೀಡಲಾಗುತ್ತದೆ. ಬೆಳೆ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಭೂಮಿಯ ಒಡೆತನ ಮುಖ್ಯ.

2. ನಷ್ಟಕ್ಕೆ ನೀಡುವ ನೆರವು: ಬರ, ನೆರೆ, ಆಲಿಕಲ್ಲು ಮಳೆ ಮುಂತಾದ ವಿಕೋಪಗಳಲ್ಲಿ ನೀಡುವ ಬೆಳೆ ಹಾನಿ ಪರಿಹಾರವು ಈ ವರ್ಗಕ್ಕೆ ಸೇರುತ್ತದೆ. ಸರ್ಕಾರದ ಭಾಷೆಯಲ್ಲಿ ಇದನ್ನು ಇನ್‌ಪುಟ್ ಸಬ್ಸಿಡಿ ಎನ್ನುತ್ತಾರೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿಯೂ ವಿಮಾ ಕಂತಿನ ಹೆಚ್ಚಿನ ಭಾಗವನ್ನು ಸರ್ಕಾರಗಳೇ ಭರಿಸುತ್ತವೆ. ರೈತರ ಪಾಲು ಮುಂಗಾರು ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಶೇ 2, ಹಿಂಗಾರು ಬೆಳೆಗಳಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕಾ ಬೆಳೆಗಳಿಗೆ ಶೇ 5 ಮಾತ್ರ.

3. ಪರಿಕರಗಳ ಮೇಲಿನ ರಿಯಾಯಿತಿ: ರೈತ ಸಂಪರ್ಕ ಕೇಂದ್ರಗಳಲ್ಲಿ ದೊರೆಯುವ ಬಿತ್ತನೆ ಬೀಜ, ಹನಿ ಮತ್ತು ತುಂತುರು ನೀರಾವರಿ ಘಟಕಗಳು, ಕೃಷಿ ಯಂತ್ರೋಪಕರಣಗಳು ಈ ವರ್ಗದಲ್ಲಿವೆ. ರಸಗೊಬ್ಬರದ ಸಹಾಯಧನವು ರೈತರ ಖಾತೆಗೆ ಬಾರದೆ, ಪಿಒಎಸ್ ಯಂತ್ರದಲ್ಲಿ ಮಾರಾಟ ದಾಖಲಾದ ನಂತರ ತಯಾರಿಕಾ ಕಂಪನಿಗೆ ಸಂದಾಯವಾಗುತ್ತದೆ. ಆದ್ದರಿಂದ ಗೊಬ್ಬರ ಕೊಂಡಾಗ ಯಂತ್ರದ ರಸೀದಿಯನ್ನು ಕೇಳಿ ಪಡೆಯಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಚೀಲ ದಾಖಲಾಗಿದೆ ಎಂಬುದಕ್ಕೆ ಅದೇ ಪುರಾವೆ.

ಹಣ ಬರುವ ದಾರಿಯಲ್ಲಿರುವ ನಾಲ್ಕು ದಾಖಲೆಗಳು

ಬೆಳೆ ಹಾನಿ ಪರಿಹಾರವನ್ನು ಈಗ ಕಚೇರಿಯಲ್ಲಿ ಕುಳಿತು ಕೈಯಿಂದ ಬರೆದು ಮಂಜೂರು ಮಾಡುವುದಿಲ್ಲ. ನಾಲ್ಕು ದಾಖಲೆಗಳನ್ನು ಗಣಕಯಂತ್ರವು ಜೋಡಿಸಿ ನೋಡುತ್ತದೆ. ನಾಲ್ಕರಲ್ಲಿ ಒಂದು ತಾಳೆಯಾಗದಿದ್ದರೂ ಹಣ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ.

ಪಹಣಿ: ಭೂಮಿಯು ಯಾರ ಹೆಸರಿನಲ್ಲಿದೆ, ವಿಸ್ತೀರ್ಣವೆಷ್ಟು ಎಂಬುದಕ್ಕೆ ಪಹಣಿಯೇ ಮೂಲ. ತಂದೆ ಅಥವಾ ಅಜ್ಜ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲಿಯೇ ಉಳಿದಿದ್ದರೆ ಪರಿಹಾರ ಪಾವತಿಯಾಗುವುದಿಲ್ಲ. ಅಂತಹ ಕುಟುಂಬಗಳು ಪೌತಿ ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಜಂಟಿ ಖಾತೆಯಲ್ಲಿ ಯಾರ ಪಾಲು ಎಷ್ಟು ಎಂಬುದು ಸ್ಪಷ್ಟವಿಲ್ಲದಿದ್ದರೂ ತೊಡಕಾಗುತ್ತದೆ.

ಎಫ್‌ಐಡಿ: ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿದ ಪ್ರತಿ ರೈತರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಮತ್ತು ಕಂದಾಯ ಇಲಾಖೆಗಳು ಇದನ್ನು ಬಳಸುತ್ತವೆ. ಎಫ್‌ಐಡಿ ಇದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಹಿಸ್ಸಾ ಸಹಿತ ಅದರಲ್ಲಿ ಸೇರಿರಬೇಕು. ಮೂರು ಕಡೆ ಜಮೀನಿದ್ದು ಒಂದೇ ಸರ್ವೆ ನಂಬರ್ ಸೇರಿದ್ದರೆ ಆ ಒಂದಕ್ಕಷ್ಟೇ ಪರಿಹಾರ ಲೆಕ್ಕವಾಗುತ್ತದೆ.

ಬೆಳೆ ಸಮೀಕ್ಷೆ: ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ, ಎಷ್ಟು ವಿಸ್ತೀರ್ಣ, ಮಳೆಯಾಶ್ರಿತವೋ ನೀರಾವರಿಯೋ ಎಂಬುದನ್ನು ಪ್ರತಿ ಹಂಗಾಮಿನಲ್ಲಿ ಛಾಯಾಚಿತ್ರದೊಂದಿಗೆ ದಾಖಲಿಸುವ ವ್ಯವಸ್ಥೆ ಇದು.

ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ: ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗಬೇಕೆಂದಿಲ್ಲ. ನಿಮ್ಮ ಆಧಾರ್ ಸಂಖ್ಯೆಯು ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. "ಹಣ ಬಂದಿಲ್ಲ" ಎನ್ನುವ ಕೆಲವರ ಹಣವು ಎಂದೋ ತೆರೆದು ಮರೆತ ಬೇರೊಂದು ಬ್ಯಾಂಕಿನ ಖಾತೆಯಲ್ಲಿ ಇರುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಬ್ಯಾಂಕಿನಲ್ಲಿ ವಿಚಾರಿಸಿ ಜೋಡಣೆಯ ಸ್ಥಿತಿಯನ್ನು ತಿಳಿಯಬಹುದು. ಪಹಣಿ, ಎಫ್‌ಐಡಿ ಮತ್ತು ಆಧಾರ್‌ನಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು.

ಬೆಳೆ ಸಮೀಕ್ಷೆಯಲ್ಲಿ ತಪ್ಪುಗಳು ಎಲ್ಲಿ ನುಸುಳುತ್ತವೆ?

ಮೇಲಿನ ನಾಲ್ಕರಲ್ಲಿ ಪ್ರತಿ ಹಂಗಾಮಿನಲ್ಲಿಯೂ ಹೊಸದಾಗಿ ಬರೆಯಲಾಗುವ ದಾಖಲೆ ಬೆಳೆ ಸಮೀಕ್ಷೆಯೊಂದೇ. ಆದ್ದರಿಂದ ತಪ್ಪಿಗೆ ಹೆಚ್ಚಿನ ಅವಕಾಶವಿರುವುದೂ ಇಲ್ಲಿಯೇ. ಬೇಸಾಯ ಶಾಸ್ತ್ರದ ದೃಷ್ಟಿಯಿಂದ ಕೆಳಗಿನ ಸಂದರ್ಭಗಳಲ್ಲಿ ವಿಶೇಷ ಎಚ್ಚರ ಅಗತ್ಯ.

• ಅಲ್ಪಾವಧಿ ಬೆಳೆಗಳು: ಹೆಸರು ಸುಮಾರು 65–70 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಉದ್ದಿನ ಅವಧಿಯೂ ಕಡಿಮೆ. ಜೂನ್‌ನಲ್ಲಿ ಬಿತ್ತಿದ ಹೆಸರನ್ನು ಆಗಸ್ಟ್‌ನಲ್ಲಿ ಕಿತ್ತ ಮೇಲೆ ಸಮೀಕ್ಷೆಗೆ ಬಂದವರಿಗೆ ಕಾಣುವುದು ಖಾಲಿ ಹೊಲ. ಧಾರವಾಡ, ಗದಗ, ಕಲಬುರಗಿ, ಬೀದರ್ ಭಾಗದ ರೈತರು ಇದನ್ನು ಗಮನಿಸಬೇಕು. ಬೆಳೆ ಹೊಲದಲ್ಲಿರುವಾಗಲೇ ರೈತರ ಆ್ಯಪ್ ಮೂಲಕ ಸ್ವತಃ ದಾಖಲಿಸುವುದು ಉತ್ತಮ.

• ಅಕ್ಕಡಿ ಮತ್ತು ಅಂತರ ಬೆಳೆ: ರಾಗಿ ಹಾಗೂ ತೊಗರಿಯನ್ನು 8:2 ಸಾಲಿನಲ್ಲಿ ಬೆಳೆದಾಗ ರಾಗಿ ಕೊಯ್ಲಾದ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತದೆ. ತಡವಾಗಿ ತೆಗೆದ ಛಾಯಾಚಿತ್ರದಲ್ಲಿ ಇಡೀ ಹೊಲ ತೊಗರಿಯಂತೆ ಕಾಣುತ್ತದೆ. ಎರಡೂ ಬೆಳೆಗಳನ್ನು ಅವುಗಳ ವಿಸ್ತೀರ್ಣದ ಪಾಲಿನೊಂದಿಗೆ ನಮೂದಿಸಬೇಕು.

• ವಿಮೆಗೂ ಸಮೀಕ್ಷೆಗೂ ಹೊಂದಾಣಿಕೆ ಇಲ್ಲದಿರುವುದು: ವಿಮಾ ಕಂತು ಕಟ್ಟುವಾಗ ಶೇಂಗಾ ಎಂದು ಬರೆಸಿ, ಮಳೆ ತಡವಾದ್ದರಿಂದ ಬೇರೆ ಬೆಳೆ ಬಿತ್ತಿದ್ದರೆ ಸಮೀಕ್ಷೆಯಲ್ಲಿ ಆ ಬೇರೆ ಬೆಳೆ ದಾಖಲಾಗುತ್ತದೆ. ಎರಡೂ ತಾಳೆಯಾಗದ ವಿಮಾ ಅರ್ಜಿಗಳು ತಿರಸ್ಕೃತಗೊಳ್ಳುತ್ತವೆ. ಬೆಳೆ ಬದಲಾಯಿಸಿದರೆ ಬ್ಯಾಂಕಿಗೆ ಅಥವಾ ವಿಮೆ ಮಾಡಿಸಿದ ಕೇಂದ್ರಕ್ಕೆ ನಿಗದಿತ ದಿನಾಂಕದೊಳಗೆ ತಿಳಿಸಬೇಕು.

• ನೀರಾವರಿ ಮತ್ತು ಮಳೆಯಾಶ್ರಿತ: ಕೊಳವೆ ಬಾವಿಯಿಂದ ನೀರು ಹಾಯಿಸಿದ ಬೆಳೆಯನ್ನು ಮಳೆಯಾಶ್ರಿತವೆಂದು ಬರೆದರೆ ಪರಿಹಾರ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಮಳೆಯಾಶ್ರಿತ ಬೆಳೆಯನ್ನು ನೀರಾವರಿ ಎಂದು ಬರೆಸುವುದು ಸುಳ್ಳು ದಾಖಲೆಯಾಗುತ್ತದೆ. ಆ ಹಣ ಇನ್ನೊಬ್ಬ ರೈತರ ಪಾಲಿನದು.

• ಒಂದೇ ಮೂಲೆಯಿಂದ ತೆಗೆದ ಛಾಯಾಚಿತ್ರ: ದೊಡ್ಡ ಹೊಲದ ಒಂದು ಅಂಚಿನಲ್ಲಿ ಬೀಳು ಅಥವಾ ಬದುವಿನ ಮರಗಳಿದ್ದರೆ ಇಡೀ ಸರ್ವೆ ನಂಬರು ಹಾಗೆಯೇ ದಾಖಲಾಗುವ ಸಾಧ್ಯತೆ ಇದೆ. ಲೇಖನದ ಆರಂಭದಲ್ಲಿ ಹೇಳಿದ ರೈತರ ವಿಷಯದಲ್ಲಿ ಆದದ್ದು ಇದೇ.

ಸಮೀಕ್ಷೆಯ ನಂತರ ದಾಖಲಾದ ಬೆಳೆ ಹಾಗೂ ಛಾಯಾಚಿತ್ರವನ್ನು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಬಹುದು, ತಪ್ಪಿದ್ದರೆ ಅದರಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಮೊಬೈಲ್ ಬಳಕೆ ಕಷ್ಟವಾದವರು ರೈತ ಸಂಪರ್ಕ ಕೇಂದ್ರ ಅಥವಾ ಗ್ರಾಮ ಆಡಳಿತ ಅಧಿಕಾರಿಯ ನೆರವು ಪಡೆಯಬೇಕು. ಆಕ್ಷೇಪಣೆಗೆ ಗಡುವು ಇರುತ್ತದೆ. ಗಡುವು ಮುಗಿದ ನಂತರ ತಿದ್ದುಪಡಿ ಬಹಳ ಕಷ್ಟ.

ನಿಮ್ಮ ಪರಿಹಾರವನ್ನು ನೀವೇ ಲೆಕ್ಕ ಹಾಕಿರಿ

ಪಟ್ಟಿಯಲ್ಲಿ ಹೆಸರಿದೆ ಎಂದು ತಿಳಿದರೆ ಸಾಲದು. ಮೊತ್ತ ಸರಿಯೇ ಎಂದೂ ತಿಳಿಯಬೇಕು. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ವಿಪತ್ತು ಪರಿಹಾರ ಮಾನದಂಡದಂತೆ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಲ್ಲಿ ಗರಿಷ್ಠ 2 ಹೆಕ್ಟೇರ್‌ವರೆಗೆ ದೊರೆಯುವ ನೆರವು ಹೀಗಿದೆ:

• ಮಳೆಯಾಶ್ರಿತ ಬೆಳೆ: ಹೆಕ್ಟೇರಿಗೆ ರೂ. 8,500 (ಎಕರೆಗೆ ಸುಮಾರು ರೂ. 3,440, ಗುಂಟೆಗೆ ಸುಮಾರು ರೂ. 86)
• ನೀರಾವರಿ ಬೆಳೆ: ಹೆಕ್ಟೇರಿಗೆ ರೂ. 17,000 (ಎಕರೆಗೆ ಸುಮಾರು ರೂ. 6,880, ಗುಂಟೆಗೆ ಸುಮಾರು ರೂ. 172)
• ಬಹುವಾರ್ಷಿಕ ಬೆಳೆ: ಹೆಕ್ಟೇರಿಗೆ ರೂ. 22,500 (ಎಕರೆಗೆ ಸುಮಾರು ರೂ. 9,105, ಗುಂಟೆಗೆ ಸುಮಾರು ರೂ. 228)

ಕೆಲವು ವರ್ಷಗಳಲ್ಲಿ ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸಿ ಈ ದರಗಳನ್ನು ಹೆಚ್ಚಿಸುವುದುಂಟು. ಆದ್ದರಿಂದ ಆಯಾ ವರ್ಷದ ಆದೇಶವನ್ನು ನೋಡಿ ಲೆಕ್ಕ ಮಾಡಬೇಕು.

ಉದಾಹರಣೆ: ಒಬ್ಬ ರೈತರಿಗೆ 3 ಎಕರೆ 20 ಗುಂಟೆ ಮಳೆಯಾಶ್ರಿತ ರಾಗಿ ಇದ್ದು, ಪೂರ್ಣ ವಿಸ್ತೀರ್ಣದಲ್ಲಿ ಹಾನಿಯಾಗಿದೆ ಎಂದುಕೊಳ್ಳೋಣ. ಒಟ್ಟು ಗುಂಟೆ 140. ಹೆಕ್ಟೇರಿನಲ್ಲಿ ಇದು ಸುಮಾರು 1.416. ಬರಬೇಕಾದ ಮೊತ್ತ ಸುಮಾರು ರೂ. 12,040. ಈ ಪೈಕಿ 2 ಎಕರೆ ಬೀಳು ಎಂದು ದಾಖಲಾಗಿದ್ದರೆ ಉಳಿಯುವ 1 ಎಕರೆ 20 ಗುಂಟೆಗೆ ಬರುವುದು ಸುಮಾರು ರೂ. 5,160 ಮಾತ್ರ. ನಷ್ಟ ರೂ. 6,880. ಮೊದಲ ಕಂತಾಗಿ ಸ್ವಲ್ಪ ಹಣ ಬಂದಿದ್ದರೆ ಅದನ್ನು ಒಟ್ಟು ಮೊತ್ತದಲ್ಲಿ ಕಳೆಯಲಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಬೆಳೆ ವಿಮೆಯ ಲೆಕ್ಕ ಬೇರೆ. ಅಲ್ಲಿ ಪ್ರತ್ಯೇಕ ಹೊಲದ ಇಳುವರಿಯ ಬದಲು ವಿಮಾ ಘಟಕದ, ಅಂದರೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯ, ಸರಾಸರಿ ಇಳುವರಿಯನ್ನು ಪರಿಗಣಿಸುತ್ತಾರೆ. ಪ್ರಾರಂಭಿಕ ಇಳುವರಿ ಎಕರೆಗೆ 10 ಕ್ವಿಂಟಲ್ ಇದ್ದು ಬೆಳೆ ಕಟಾವು ಪ್ರಯೋಗಗಳಲ್ಲಿ 6 ಕ್ವಿಂಟಲ್ ಬಂದರೆ ಕೊರತೆ ಶೇ 40; ವಿಮಾ ಮೊತ್ತದ ಶೇ 40ರಷ್ಟು ಪರಿಹಾರ ದೊರೆಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಒಂದು ಬೆಳೆಗೆ ನಡೆಯುವುದು ನಾಲ್ಕೇ ಪ್ರಯೋಗಗಳು. ಆ ನಾಲ್ಕು ತಾಕುಗಳ ಅಳತೆ ಮತ್ತು ತೂಕ ಇಡೀ ಪಂಚಾಯಿತಿಯ ರೈತರ ಪರಿಹಾರವನ್ನು ನಿರ್ಧರಿಸುತ್ತದೆ. ಆದ್ದರಿಂದ ಕಟಾವಿನ ದಿನ ಊರಿನ ಕೆಲವರಾದರೂ ಹಾಜರಿದ್ದು ತೂಕವನ್ನು ನೋಡುವುದು ಒಳ್ಳೆಯದು. ಪ್ರಾರಂಭಿಕ ಇಳುವರಿಯ ವಿವರಗಳು ಸಂರಕ್ಷಣೆ ತಂತ್ರಾಂಶದಲ್ಲಿ ಲಭ್ಯವಿವೆ.

ಪಟ್ಟಿಯನ್ನು ನೋಡುವುದು ನಮ್ಮ ಹಕ್ಕೇ?

ಹೌದು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣದ 12ನೇ ಉಪಖಂಡವು ಸಹಾಯಧನ ಕಾರ್ಯಕ್ರಮಗಳನ್ನು ಜಾರಿಗೊಳಿಸುವ ವಿಧಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು ಪ್ರತಿ ಸಾರ್ವಜನಿಕ ಪ್ರಾಧಿಕಾರಕ್ಕೂ ವಿಧಿಸುತ್ತದೆ. ಕರ್ನಾಟಕವು ಕೇಂದ್ರದ ಕಾಯ್ದೆಗಿಂತ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ರೂಪಿಸಿತ್ತು ಎಂಬುದೂ ಗಮನಾರ್ಹ.

ಪಿಎಂ-ಕಿಸಾನ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮಗಳನ್ನು ಆಯ್ಕೆ ಮಾಡಿ ಫಲಾನುಭವಿಗಳ ಪಟ್ಟಿಯನ್ನು ನೋಡಬಹುದು. ಬೆಳೆ ಹಾನಿ ಪರಿಹಾರದ ಪಾವತಿ ವಿವರಗಳು ಕಂದಾಯ ಇಲಾಖೆಯ ಪರಿಹಾರ ತಂತ್ರಾಂಶದಲ್ಲಿವೆ. ಬೆಳೆ ವಿಮೆಯದು ಸಂರಕ್ಷಣೆ ತಂತ್ರಾಂಶದಲ್ಲಿದೆ. ಹನಿ ನೀರಾವರಿ, ಯಂತ್ರೋಪಕರಣ ಮುಂತಾದವುಗಳ ಫಲಾನುಭವಿಗಳ ವಿವರಗಳನ್ನು ರೈತ ಸಂಪರ್ಕ ಕೇಂದ್ರ ಹಾಗೂ ತಾಲ್ಲೂಕು ಮಟ್ಟದ ಸಹಾಯಕ ನಿರ್ದೇಶಕರ ಕಚೇರಿಗಳಲ್ಲಿ ಕೇಳಬಹುದು. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮ ಸಭೆಯಲ್ಲಿ ಈ ಪಟ್ಟಿಗಳನ್ನು ಓದಿಸುವಂತೆ ಕೋರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಪಟ್ಟಿ ಬಹಿರಂಗವಾದರೆ ಏನು ಪ್ರಯೋಜನ?

ಪಟ್ಟಿ ಓದುವುದರಿಂದ ಎರಡು ಬಗೆಯ ತಪ್ಪುಗಳು ಹೊರಬರುತ್ತವೆ: ಅರ್ಹರು ಬಿಟ್ಟುಹೋಗಿರುವುದು ಮತ್ತು ಅನರ್ಹರು ಸೇರಿರುವುದು.

ಎರಡನೆಯದಕ್ಕೆ ಪಿಎಂ-ಕಿಸಾನ್ ಯೋಜನೆಯ ಅನುಭವವೇ ನಿದರ್ಶನ. ಆದಾಯ ತೆರಿಗೆ ಪಾವತಿಸುವವರು, ತಿಂಗಳಿಗೆ ರೂ. 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿನಿರತ ವೈದ್ಯರು, ವಕೀಲರು, ಎಂಜಿನಿಯರುಗಳು ಮುಂತಾದವರು ಈ ಯೋಜನೆಗೆ ಅರ್ಹರಲ್ಲ. ಆದರೂ 20.48 ಲಕ್ಷ ಅನರ್ಹರಿಗೆ ರೂ. 1,364 ಕೋಟಿ ಪಾವತಿಯಾಗಿದೆ ಎಂಬ ಅಂಶವು ಮಾಹಿತಿ ಹಕ್ಕು ಅರ್ಜಿಯೊಂದಕ್ಕೆ ಕೇಂದ್ರ ಕೃಷಿ ಸಚಿವಾಲಯ ನೀಡಿದ ಉತ್ತರದಿಂದ 2021ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಅದಕ್ಕೂ ಹಿಂದಿನ ವರ್ಷ ತಮಿಳುನಾಡಿನ ಕೆಲವು ಜಿಲ್ಲೆಗಳಲ್ಲಿ ರೈತರಲ್ಲದವರನ್ನು ಭಾರಿ ಸಂಖ್ಯೆಯಲ್ಲಿ ನೋಂದಾಯಿಸಿದ್ದು ಪತ್ತೆಯಾಗಿ ವಸೂಲಾತಿ ನಡೆಯಿತು. ಒಂದು ಗ್ರಾಮದಲ್ಲಿ ಯಾರು ರೈತರು, ಯಾರಲ್ಲ ಎಂಬುದು ದೂರದ ಗಣಕಯಂತ್ರಕ್ಕಿಂತ ಆ ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಊರಿನವರ ಕಣ್ಣಿಗೆ ಪಟ್ಟಿ ಬಿದ್ದರೆ ಇಂತಹ ತಪ್ಪು ಬೇಗ ಸಿಗುತ್ತದೆ.

ಅರಿಯದೆ ಅನರ್ಹ ಹಣ ಪಡೆದವರಿಗೆ ಅದನ್ನು ಹಿಂದಿರುಗಿಸುವ ಮತ್ತು ಸ್ವಇಚ್ಛೆಯಿಂದ ಯೋಜನೆಯನ್ನು ಬಿಟ್ಟುಕೊಡುವ ಅವಕಾಶ ಪಿಎಂ-ಕಿಸಾನ್ ಜಾಲತಾಣದಲ್ಲಿಯೇ ಇದೆ.

ಪಾರದರ್ಶಕತೆಗೂ ಗೋಪ್ಯತೆಗೂ ಇರುವ ಗೆರೆ

ಪಟ್ಟಿ ಬಹಿರಂಗವಾಗಿರಬೇಕು ಎಂದರೆ ರೈತರ ಎಲ್ಲ ವಿವರಗಳೂ ಬಹಿರಂಗವಾಗಿರಬೇಕು ಎಂದರ್ಥವಲ್ಲ. ಹೆಸರು, ಗ್ರಾಮ, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ಪಾವತಿ ದಿನಾಂಕ ಇಷ್ಟಿದ್ದರೆ ಊರಿನವರ ಪರಿಶೀಲನೆಗೆ ಸಾಕು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯು ನಿಷೇಧಿಸುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಸೋರಿಕೆಯಾದರೆ ವಂಚಕರಿಗೆ ದಾರಿಯಾಗುತ್ತದೆ. ಪಟ್ಟಿಯ ಪ್ರತಿಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವ ಮೊದಲು ಇಂತಹ ಕಾಲಮುಗಳಿವೆಯೇ ಎಂದು ನೋಡಬೇಕು.

ಈ ಸಮತೋಲನದ ಪ್ರಶ್ನೆ ನಮ್ಮಲ್ಲಷ್ಟೇ ಎದ್ದದ್ದಲ್ಲ. ಯುರೋಪ್ ಒಕ್ಕೂಟದಲ್ಲಿ ಕೃಷಿ ಸಹಾಯಧನ ಪಡೆದ ಎಲ್ಲ ವ್ಯಕ್ತಿಗಳ ಹೆಸರುಗಳನ್ನು ಯಾವ ಭೇದವೂ ಇಲ್ಲದೆ ಪ್ರಕಟಿಸುತ್ತಿದ್ದ ಕ್ರಮವನ್ನು ಅಲ್ಲಿನ ನ್ಯಾಯಾಲಯವು 2010ರ ನವೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಪ್ರಕಟಣೆಯ ಉದ್ದೇಶ ಸರಿ, ಆದರೆ ಖಾಸಗಿ ಬದುಕಿನ ಮೇಲಿನ ಪರಿಣಾಮವನ್ನು ತೂಗಿ ನೋಡಿಲ್ಲ ಎಂಬುದು ತೀರ್ಪಿನ ಸಾರ. 2013ರಲ್ಲಿ ಒಕ್ಕೂಟವು ಅತಿ ಸಣ್ಣ ಮೊತ್ತ ಪಡೆದವರ ಹೆಸರನ್ನು ಬಿಟ್ಟು ಉಳಿದವರ ಪಟ್ಟಿ ಪ್ರಕಟಿಸುವ ಹೊಸ ನಿಯಮ ತಂದಿತು. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಪ್ರಕರಣದ ವಿನಾಯಿತಿಯನ್ನು ವಿಸ್ತರಿಸಿದೆ. ಆದರೆ ಫಲಾನುಭವಿಗಳ ವಿವರ ಪ್ರಕಟಿಸಬೇಕೆನ್ನುವ 4(1)(ಬಿ) ಪ್ರಕರಣವನ್ನು ಅದು ಕೈಬಿಟ್ಟಿಲ್ಲ. ಸಾರ್ವಜನಿಕ ಹಿತಾಸಕ್ತಿ ಮೇಲಾದಲ್ಲಿ ಮಾಹಿತಿ ನೀಡಬಹುದೆನ್ನುವ 8(2) ಪ್ರಕರಣವೂ ಉಳಿದಿದೆ.

ಪಟ್ಟಿ ಸಿಗದಿದ್ದರೆ: ಮಾಹಿತಿ ಹಕ್ಕು ಅರ್ಜಿ

ಮೊದಲು ಕಚೇರಿಯಲ್ಲಿ ಮೌಖಿಕವಾಗಿ ಕೇಳುವುದು ಒಳ್ಳೆಯದು. ಉತ್ತರ ಸಿಗದಿದ್ದರೆ ಸಂಬಂಧಿತ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. ಒಂದು ಮಾದರಿ:

"ವಿಷಯ: ………… ಗ್ರಾಮದ ………… ಸಾಲಿನ ಮುಂಗಾರು ಬೆಳೆ ಹಾನಿ ಪರಿಹಾರದ ಮಾಹಿತಿ.
1. ಸದರಿ ಗ್ರಾಮದಲ್ಲಿ ಪರಿಹಾರ ಪಡೆದ ಫಲಾನುಭವಿಗಳ ಪಟ್ಟಿ (ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ಪಾವತಿ ದಿನಾಂಕ).
2. ಪಾವತಿ ವಿಫಲವಾದ ಪ್ರಕರಣಗಳ ಸಂಖ್ಯೆ ಮತ್ತು ಕಾರಣವಾರು ವಿವರ.
3. ನನ್ನ ಸರ್ವೆ ನಂಬರ್ ………… ಕ್ಕೆ ಸಂಬಂಧಿಸಿದ ಬೆಳೆ ಸಮೀಕ್ಷೆಯ ದಾಖಲೆ ಮತ್ತು ಛಾಯಾಚಿತ್ರದ ಪ್ರತಿ.
ಮೊದಲನೆಯ ಅಂಶವು ಕಾಯ್ದೆಯ 4(1)(ಬಿ)(12)ರಡಿ ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾದ ಮಾಹಿತಿಯಾಗಿರುತ್ತದೆ."

ಅರ್ಜಿ ಬೇರೆ ಕಚೇರಿಗೆ ಸಂಬಂಧಿಸಿದ್ದರೆ ಐದು ದಿನಗಳೊಳಗೆ ಅದನ್ನು ಅಲ್ಲಿಗೆ ವರ್ಗಾಯಿಸುವುದು ಅಧಿಕಾರಿಯ ಹೊಣೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನೂ, ಅಲ್ಲಿಯೂ ಪರಿಹಾರ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದು. ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದು ಇಟ್ಟುಕೊಳ್ಳಿರಿ.

ಪಟ್ಟಿಯಲ್ಲಿ ಎಂದೂ ಕಾಣದವರು

ಪಟ್ಟಿ ಎಷ್ಟೇ ನಿಖರವಾಗಿದ್ದರೂ ಅದರಲ್ಲಿ ಕಾಣದ ಒಂದು ವರ್ಗವಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿ ಭೂಮಿಯ ಗುತ್ತಿಗೆಯು ಕೆಲವು ವಿನಾಯಿತಿಗಳನ್ನು ಬಿಟ್ಟು ನಿಷಿದ್ಧ. ಆದರೂ ವಾರಕ್ಕೆ, ಕೋರಿಗೆ ಬೇಸಾಯ ಮಾಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬೀಜ, ಗೊಬ್ಬರ, ಆಳಿನ ಖರ್ಚು ಅವರದು. ಬೆಳೆ ಒಣಗಿದಾಗ ನಷ್ಟವೂ ಅವರದು. ಪರಿಹಾರ ಮಾತ್ರ ಪಹಣಿದಾರರ ಖಾತೆಗೆ. ಗಂಡನ ಹೆಸರಿನಲ್ಲಿರುವ ಹೊಲವನ್ನು ಒಬ್ಬರೇ ಉಳುಮೆ ಮಾಡಿಸುವ ಮಹಿಳೆಯರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಪಟ್ಟಿಯ ಬಹಿರಂಗ ಓದು ಈ ಸಮಸ್ಯೆಯನ್ನು ಬಗೆಹರಿಸಲಾರದು. ಅದಕ್ಕೆ ಕಾನೂನಿನ ಬದಲಾವಣೆಯೇ ಬೇಕು. ಆದರೆ ಎಷ್ಟು ಹಣ, ಯಾವ ಹೊಲಕ್ಕೆ ಬಂದಿದೆ ಎಂಬುದು ತಿಳಿದರೆ ಜಮೀನಿನವರೊಡನೆ ಕುಳಿತು ಪಾಲಿನ ಬಗ್ಗೆ ಮಾತನಾಡಲು ಅವರಿಗೆ ಒಂದು ಆಧಾರ ಸಿಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಸಲಹೆಗಳು

• ಬೆಳೆ ಸಮೀಕ್ಷೆಯ ಆಕ್ಷೇಪಣೆ ಅವಧಿಯಲ್ಲಿ ಪ್ರತಿ ಗ್ರಾಮದಲ್ಲಿ ಒಂದು ಸಂಜೆಯಾದರೂ ದಾಖಲಾದ ಬೆಳೆಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ. ಗೋಡೆಗೆ ಅಂಟಿಸಿದ ಪಟ್ಟಿಯನ್ನು ಅಕ್ಷರ ಬಾರದವರು ಓದಲಾರರು. ಓದಿ ಹೇಳಿದ್ದನ್ನು ಎಲ್ಲರೂ ಕೇಳುತ್ತಾರೆ.
• ಬೀಳು ಎಂದು ದಾಖಲಾದ ಸರ್ವೆ ನಂಬರುಗಳನ್ನು ಮೊದಲು ಓದಿಸಿರಿ. ತಪ್ಪು ಇದ್ದರೆ ಆ ಹೊಲದವರು ಆ ಕ್ಷಣವೇ ಹೇಳುತ್ತಾರೆ.
• ಪಾವತಿ ವಿಫಲವಾದವರ ಪಟ್ಟಿಯನ್ನು ಕಾರಣಗಳ ಪ್ರಕಾರ ವಿಂಗಡಿಸಿರಿ. ಆಧಾರ್ ಜೋಡಣೆಯ ಸಮಸ್ಯೆಗೆ ಬ್ಯಾಂಕ್, ಸರ್ವೆ ನಂಬರ್ ಸೇರ್ಪಡೆಗೆ ರೈತ ಸಂಪರ್ಕ ಕೇಂದ್ರ, ಪೌತಿ ಖಾತೆಗೆ ನಾಡಕಚೇರಿ ಎಂದು ಸ್ಪಷ್ಟವಾಗಿ ತಿಳಿಸಿದರೆ ರೈತರ ಅಲೆದಾಟ ತಪ್ಪುತ್ತದೆ.
• ಪರಿಹಾರದ ಹಣವನ್ನು ಬ್ಯಾಂಕ್ ಸಾಲಕ್ಕೆ ಜಮೆ ಮಾಡಿಕೊಂಡ ದೂರುಗಳು 2024ರಲ್ಲಿ ಕೇಳಿಬಂದಾಗ ಹಾಗೆ ಮಾಡಬಾರದೆಂದು ರಾಜ್ಯ ಸರ್ಕಾರವು ಬ್ಯಾಂಕುಗಳಿಗೆ ಸೂಚಿಸಿತ್ತು. ಅಂತಹ ಪ್ರಕರಣಗಳನ್ನು ತಹಶೀಲ್ದಾರರ ಗಮನಕ್ಕೆ ಲಿಖಿತವಾಗಿ ತರಲು ನೆರವಾಗಿರಿ.
• ಒಬ್ಬರ ಮೇಲಿನ ಅನುಮಾನವನ್ನು ಸಭೆಯಲ್ಲಿ ಆರೋಪವಾಗಲು ಬಿಡಬೇಡಿ. ಪಟ್ಟಿಯಲ್ಲಿ ಕಂಡ ವ್ಯತ್ಯಾಸಕ್ಕೆ ಬೆರಳಚ್ಚಿನ ತಪ್ಪೂ ಕಾರಣವಿರಬಹುದು.

ರೈತರಿಗೆ ಹಂಗಾಮುವಾರು ಕ್ರಮಗಳು

ಬಿತ್ತನೆಗೆ ಮುನ್ನ (ಏಪ್ರಿಲ್–ಮೇ): ಪಹಣಿ, ಎಫ್‌ಐಡಿಯಲ್ಲಿನ ಸರ್ವೆ ನಂಬರುಗಳು, ಆಧಾರ್ ಜೋಡಣೆ ಪರಿಶೀಲಿಸಿರಿ.
ಬೆಳೆ ಹೊಲದಲ್ಲಿರುವಾಗ (ಜುಲೈ–ಸೆಪ್ಟೆಂಬರ್): ಹೊಲದ ಮಧ್ಯೆ ನಿಂತು ಬೆಳೆ ಸಮೀಕ್ಷೆ ಮಾಡಿರಿ ಅಥವಾ ಮಾಡಿಸಿರಿ, ದಿನಾಂಕ ಸಹಿತ ಛಾಯಾಚಿತ್ರವನ್ನು ನಿಮ್ಮಲ್ಲಿಯೂ ಇಟ್ಟುಕೊಳ್ಳಿರಿ.
ಸಮೀಕ್ಷೆ ಮುಗಿದೊಡನೆ: ದಾಖಲಾದ ಬೆಳೆಯನ್ನು ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿರಿ.
ಕೊಯ್ಲಿನ ಸಮಯ: ಬೆಳೆ ಕಟಾವು ಪ್ರಯೋಗದಲ್ಲಿ ಹಾಜರಿರಿ.
ಪಾವತಿಯ ನಂತರ: ಗ್ರಾಮದ ಪಟ್ಟಿಯನ್ನು ಓದಿ, ನಿಮ್ಮ ಲೆಕ್ಕದೊಂದಿಗೆ ಮೊತ್ತವನ್ನು ತಾಳೆ ನೋಡಿರಿ.

ಮೊದಲು ಹೇಳಿದ ಹಿರಿಯ ರೈತರಿಗೆ ಆ ವರ್ಷದ ಹಣ ದೊರೆಯಲಿಲ್ಲ. ತಿದ್ದುಪಡಿಯ ಗಡುವು ಮುಗಿದುಹೋಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅವರು ಮೊಮ್ಮಗಳ ಮೊಬೈಲಿನಿಂದ ತಮ್ಮ ಹೊಲವನ್ನು ತಾವೇ ದಾಖಲಿಸಿದರು. ಅಕ್ಕಪಕ್ಕದ ಆರು ಹೊಲಗಳ ದಾಖಲೆಯನ್ನೂ ಆಕೆ ಓದಿ ಹೇಳಿದಳು; ಅವುಗಳಲ್ಲಿ ಎರಡು ತಪ್ಪಾಗಿದ್ದವು. ಆ ಎರಡೂ ಸಕಾಲದಲ್ಲಿ ಸರಿಯಾದವು.